ದಪ್ಪವಾದ ಹಿಟ್ಟು

“ಹಿಟ್ಟು ದಪ್ಪ ಆಯ್ತಲ್ಲ ಮಗಾ” ಎಂದು ಅಪ್ಪ ಹಿಂದಿನಿಂದ ಹೇಳಿದಾಗ ನನಗೆ ಸಿಟ್ಟೇ ಬಂತು.

ಮುಂಬಯಿ ಪಕ್ಕದ ಠಾಣೆಯ ವರ್ತಕ ನಗರದ ನಮ್ಮ ಮನೆಯ ನೆಲದ ಮೇಲೆ, ನಾನೇ ಮೊದಲ ಸಲ ಜೋಡಿಸಿದ ಕಂಪ್ಯೂಟರ್ ಹೊಟ್ಟೆ ತೆರೆದು ಮಲಗಿತ್ತು. ಅದರ ಒಂದೊಂದು ಭಾಗವನ್ನೂ ಲೋಕಲ್ ಟ್ರೈನಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದೆ. ಆದರೆ ಚಾಲೂ ಮಾಡಿದ ಐದೇ ನಿಮಿಷಕ್ಕೆ ಬಿಸಿಯಾಗಿ ತಾನಾಗಿ ಆಫ್ ಆಗುತ್ತಿತ್ತು. ಮೂರು ದಿನದಿಂದ ಇದೇ ಗೋಳು. ಫ್ಯಾನ್ ಬಿಚ್ಚಿ, ಪ್ರೊಸೆಸರಿನ ಬಿಸಿ ಹೊರಹೋಗಲೆಂದು ಹಚ್ಚುವ ಬೂದು ಪೇಸ್ಟನ್ನು ಮತ್ತಷ್ಟು ಮೆತ್ತುತ್ತಿದ್ದೆ. ಹೆಚ್ಚು ಹಚ್ಚಿದಷ್ಟೂ ಒಳ್ಳೆಯದೆಂದು ನನ್ನ ಎಣಿಕೆ.

ಠಾಣೆ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಇಪ್ಪತ್ತು ವರ್ಷದಿಂದ ದೋಸೆ ಹೊಯ್ಯುತ್ತಿದ್ದ ಅಪ್ಪನಿಗೆ ಮೌಸ್ ಹಿಡಿಯಲೂ ಬಾರದು. “ಇದು ದೋಸೆ ಅಲ್ಲ ಅಪ್ಪ, ನಿಮಗೆ ಗೊತ್ತಾಗುದಿಲ್ಲ” ಎಂದುಬಿಟ್ಟೆ.

ಅವರು ಬೇಸರಿಸಲಿಲ್ಲ. “ಬಿಸಿ ದಾಟ್ಲಿಕ್ಕೆ ಹಚ್ಚುದು ಅಂತ ನೀನೇ ಹೇಳಿದ್ದಲ್ವಾ? ಇಷ್ಟು ದಪ್ಪ ಇದ್ರೆ ಅಡಿಯ ಬಿಸಿ ಮೇಲೆ ಬರುದು ಹೇಗೆ?” ಎನ್ನುತ್ತಾ ಪಕ್ಕದಲ್ಲಿ ಕುಳಿತರು. ಪೇಸ್ಟನ್ನೆಲ್ಲ ಒರೆಸಿ ತೆಗೆಸಿದರು. ಅರ್ಧ ಕಡಲೆಕಾಳಿನಷ್ಟನ್ನು ನಡುವೆ ಇಟ್ಟು, ನನ್ನ ಟ್ರೈನ್ ಪಾಸಿನ ಅಂಚಿನಿಂದ ಸುತ್ತಲೂ ತೆಳ್ಳಗೆ ಎಳೆದರು. ಸೌಟು ತಿರುಗಿಸುವ ಅದೇ ಕೈ, ಅದೇ ನಿಧಾನ. ಆಮೇಲೆ ಸಂಜೆಯವರೆಗೂ ಕಂಪ್ಯೂಟರ್ ಆಫ್ ಆಗಲಿಲ್ಲ.

ಕಾಲೇಜಿನ ಗೆಳತಿಯರಿಗೆ ನಾನು ಅಪ್ಪನದು ಹೋಟೆಲ್ ಬಿಸಿನೆಸ್ ಎಂದು ಹೇಳಿಕೊಂಡು ಬಂದಿದ್ದೆ. ಮರುದಿನ ಅವರನ್ನೆಲ್ಲ ಆ ಹೋಟೆಲಿಗೆ ಕರೆದುಕೊಂಡು ಹೋಗಿ, ಕಾವಲಿಯ ಮುಂದೆ ಬೆವರೊರೆಸಿಕೊಳ್ಳುತ್ತಾ ನಿಂತಿದ್ದವರನ್ನು ತೋರಿಸಿ, “ನನ್ನ ಅಪ್ಪ” ಎಂದೆ.