ಶಾಮಣ್ಣನವರ ವ್ಯಾನಿನ ಎಣ್ಣೆಸ್ನಾನ

ಜಯನಗರದ ಶಾಮಣ್ಣನವರ ಮನೆಯಲ್ಲಿ ಭಾನುವಾರ ಎಣ್ಣೆಸ್ನಾನ ಆಗುವುದು ವ್ಯಾನಿಗೆ. ನಿವೃತ್ತಿಯಾದಾಗ ಹೆಂಡತಿಯೊಡನೆ ದೇಶ ಸುತ್ತಲೆಂದು ಕೊಂಡ, ಒಳಗೇ ಮಂಚ, ಒಲೆ ಇರುವ ಆ ವ್ಯಾನು ಗೇಟಿನೆದುರಿನ ಮಾವಿನ ಮರದಡಿಯಿಂದ ಕದಲಿಲ್ಲ. ಅದರ ಮೇಲೂ, ಅದರ ನೆತ್ತಿಗೆ ಕಟ್ಟಿಟ್ಟ, ಕಾಡನ್ನೇ ಕಾಣದ ಟೆಂಟಿನ ಮೇಲೂ ಮರ ಅಂಟು ಸುರಿಸುತ್ತದೆ. ಶಾಮಣ್ಣನವರು ಕೊಬ್ಬರಿ ಎಣ್ಣೆ ಸವರಿ, ನೆನೆಯಲು ಬಿಟ್ಟು, ಹಳೆಯ ಬನಿಯನ್ನಿನಿಂದ ಉಜ್ಜುತ್ತ, "ದರಿದ್ರ ಮರ, ನಿನ್ನ ಬೇರೇ ಕಿತ್ತಾಕ್ತೀನಿ!" ಎಂದು ಬೀದಿಗೆಲ್ಲ ಕೇಳುವಂತೆ ಬೈಯುತ್ತಾರೆ. ಕೇಳಿ ಕೇಳಿ ಸಾಕಾದ ಪಕ್ಕದ ಮನೆಯ ಚಿರಂತ್ ಮೊನ್ನೆ ಕೊಂಬೆ ಕಡಿಯುವವರನ್ನೇ ಕರೆತಂದ. ಶಾಮಣ್ಣನವರು ಎಣ್ಣೆಗೈಯಲ್ಲೇ ಅಡ್ಡ ನಿಂತರು. ಲಕ್ವ ಹೊಡೆದಾಗಿನಿಂದ ಅವರ ಹೆಂಡತಿ ಪಂಕಜಮ್ಮ ಸಂಜೆಯ ಕಾಫಿ ಕುಡಿಯುವುದು ಆ ನೆರಳಿನಲ್ಲಿ, ಕ್ಯಾಂಪಿಗೆಂದು ತಂದ ಮಡಿಚುವ ಕುರ್ಚಿಯಲ್ಲಿ. "ಬೇಡ ಕಣಪ್ಪಾ," ಎಂದರು ಶಾಮಣ್ಣನವರು, "ನಮ್ಮ ಪಂಕಜಾ ಟೂರು ಬರೋದು ಇಷ್ಟೇ ದೂರ."