ಎಡಭುಜದ ಹತ್ತಿ

ಆ ಬೀದಿಯಲ್ಲಿ ಮಾಸ್ಟರ್ ಅಂದರೆ ಒಬ್ಬನೇ, ಲೇಡೀಸ್ ಟೈಲರ್. ಮಹಾ ಜಂಬದ ಕೋಳಿ. ಅಳತೆಪಟ್ಟಿಯನ್ನು ಕೊರಳಿಗೆ ಇಳಿಬಿಟ್ಟು ಅಂಗಡಿ ಬಾಗಿಲಲ್ಲಿ ನಿಂತನೆಂದರೆ, ಈಗ ತಾನೇ ಸನ್ಮಾನ ಮುಗಿಸಿ ವೇದಿಕೆ ಇಳಿದವನು ಅನ್ನಬೇಕು. "ದೇವರು ಕೆಡಿಸಿದ್ದನ್ನ ನಾನು ರಿಪೇರಿ ಮಾಡ್ತೀನಿ" ಅನ್ನುವುದು ಅವನ ಮಾತು. ದಪ್ಪ ಸೊಂಟವೋ ಗೂನು ಬೆನ್ನೋ, ಯಾವುದಕ್ಕೂ ಅವನ ಕತ್ತರಿಯಲ್ಲಿ ಮದ್ದಿತ್ತು.

ಅಂಥವನ ಅಕ್ಕನ ಮಗಳಿಗೆ, ಇನ್ನೂ ಬೆಳೆಯುತ್ತಿದ್ದ ಹುಡುಗಿಗೆ, ಬೆನ್ನುಮೂಳೆ ಪಕ್ಕಕ್ಕೆ ಬಾಗತೊಡಗಿತು. ಡಾಕ್ಟರಮ್ಮ ಕಂಕುಳಿಂದ ಸೊಂಟದವರೆಗೆ ಬರುವ ಗಟ್ಟಿ ಪ್ಲಾಸ್ಟಿಕ್ ಬೆಲ್ಟ್ ಮಾಡಿಸಿಕೊಟ್ಟರು. ಕುಗ್ಗಿದ ಪಕ್ಕೆಗೆ ಉಸಿರು ತುಂಬುವ ವ್ಯಾಯಾಮ ಹೇಳಿಕೊಟ್ಟರು. "ಬೆಳೆಯೋದು ನಿಲ್ಲೋವರೆಗೂ ಹಗಲೂ ರಾತ್ರಿ ಹಾಕಿರ್ಬೇಕು. ಬಿಟ್ರೆ ಮುಂದೆ ಆಪರೇಷನ್ನೇ ಗತಿ" ಎಂದರು.

ಮಾಸ್ಟರ್ ಬೆಲ್ಟ್ ನೋಡಿ ಮೂಗು ಮುರಿದ. "ಥೂ, ಇದೇನಕ್ಕಾ, ಬಕೆಟ್ ಹಾಕ್ಕೊಂಡ ಹಾಗಿದೆ! ಇದರ ಮೇಲೆ ಯಾವ ಬಟ್ಟೆ ತಾನೆ ಕೂರತ್ತೆ?" ತಗ್ಗಿದ ಎಡಭುಜದೊಳಗೆ ಒಂದು ಪದರ ಹತ್ತಿ ಇಟ್ಟು, ಸೊಂಟದ ಹೊಲಿಗೆಯನ್ನು ಒಂಚೂರು ಸರಿಸಿ, ಒಂದು ಟಾಪ್ ಹೊಲಿದುಕೊಟ್ಟ. ಹುಡುಗಿ ಅದನ್ನು ತೊಟ್ಟು ಕನ್ನಡಿ ಮುಂದೆ ನಿಂತಳು. ಅಬ್ಬಬ್ಬಾ, ಎಷ್ಟು ನೇರ! ಅಕ್ಕನ ಕಣ್ಣಲ್ಲಿ ನೀರು. ಬೆಲ್ಟ್ ಬೀರುವಿನ ಮೇಲೆ ಹೋಗಿ ಕೂತಿತು. "ನೆಟ್ಟಗಿರೋಳಿಗೆ ವ್ಯಾಯಾಮ ಬೇರೆ ಕೇಡು" ಎಂದು ಮಾಸ್ಟರ್ ಅದನ್ನೂ ಬಿಡಿಸಿದ.

ಮುಂದಿನ ಟಾಪಿಗೆ ಹತ್ತಿ ಎರಡು ಪದರ ಬೇಕಾಯಿತು. ಅದರ ಮುಂದಿನದಕ್ಕೆ ಇನ್ನೂ ದಪ್ಪ. ತಲೆಯಲ್ಲಿ ಮಿದುಳಿದ್ದವನು ಅಲ್ಲೇ ಬೆಚ್ಚಿಬೀಳುತ್ತಿದ್ದ. ಈ ಮಹಾನುಭಾವ ತನ್ನ ಕೈಚಳಕ ದಿನದಿಂದ ದಿನಕ್ಕೆ ಹೆಚ್ಚುತ್ತಿದೆ ಎಂದು ಉಬ್ಬಿಹೋದ.

ವರ್ಷ ಕಳೆಯುವಷ್ಟರಲ್ಲಿ ಹುಡುಗಿಗೆ ಬೆನ್ನುನೋವು ಶುರುವಾಗಿ ಮೂವರೂ ಡಾಕ್ಟರಮ್ಮನ ಬಳಿ ಹೋದರು. ಮಾಸ್ಟರ್ ಹೊಗಳಿಸಿಕೊಳ್ಳಲೆಂದೇ ಇಸ್ತ್ರಿ ಅಂಗಿ ತೊಟ್ಟು ಹೊರಟಿದ್ದ. ಡಾಕ್ಟರಮ್ಮ ಪರದೆಯ ಹಿಂದೆ ಹುಡುಗಿಯನ್ನು ಬಗ್ಗಿಸಿ ನೋಡಿದರು, ಎಕ್ಸ್‌ರೇ ತೆಗೆಸಿದರು. ಆಮೇಲೆ ಅವಳ ಟಾಪನ್ನು ಕೈಯಲ್ಲಿ ಹಿಡಿದು ಹೊರಗೆ ಬಂದು, ಭುಜದ ಹತ್ತಿಯನ್ನು ಹಿಚುಕಿದರು.

"ಇದನ್ನ ಹೊಲಿದೋರು ಯಾರು?"

"ನಾನೇ ಮೇಡಂ" ಎಂದ, ಎದೆಯುಬ್ಬಿಸಿ.

"ಚೆನ್ನಾಗಿ ಹೊಲ್ದಿದ್ದೀರಿ. ಇವಳನ್ನ ಹೆತ್ತ ತಾಯಿ ಕಣ್ಣಿಗೇ ಮಣ್ಣೆರಚಿದ್ದೀರಿ. ಒಳಗೆ ಮೂಳೆ ಇನ್ನಷ್ಟು ಬಾಗಿದೆ. ಇವಳು ಬೆಳೆಯೋದು ಇನ್ನು ಸ್ವಲ್ಪವೇ ಬಾಕಿ. ಹೊಸ ಬೆಲ್ಟನ್ನ ಬಿಡದೆ ಹಾಕಿದ್ರೆ ಇಷ್ಟಕ್ಕೇ ನಿಲ್ಲಬಹುದು. ಹಾಕದಿದ್ರೆ ನಾನು ಮಾಡೋದು ಆಪರೇಷನ್ ಒಂದೇ."

ಹೊಸ ಬೆಲ್ಟ್ ಬಂತು. ಹುಡುಗಿ ಸುತರಾಂ ಒಪ್ಪದೆ ಅಂಗಡಿಗೆ ಓಡಿಬಂದಳು. ಹಿಂದೆಯೇ ಅಕ್ಕ, ಬೆಲ್ಟನ್ನು ಕಂಕುಳಲ್ಲಿ ಇರುಕಿಕೊಂಡು.

"ನಂಗ್ಯಾಕೆ ಅದು? ನಾನು ನೆಟ್ಟಗಿದ್ದೀನಿ ಅಂತ ನೀನೇ ಹೇಳಿದ್ಯಲ್ಲ! ಅಮ್ಮಂಗೆ ಹೇಳು ಮಾವ!"

ಮಾಸ್ಟರನಿಗೆ ತನ್ನ ಮೇಲೆ ತನಗೇ ಅಸಹ್ಯವಾಗಿತ್ತು.

"ಇಲ್ಲ ಪುಟ್ಟಿ. ನೀನು ನೆಟ್ಟಗಿರ್ಲಿಲ್ಲ. ನಾನು ಹತ್ತಿ ತುರುಕಿದ್ದೆ. ಪ್ರತಿ ಸಲ ಜಾಸ್ತಿ ಬೇಕಾಗ್ತಿತ್ತು. ಆದ್ರೂ ನನ್ನ ಮಂಡೆಗೆ ಹೊಳೀಲಿಲ್ಲ."

ಹುಡುಗಿ ಅವನ ಮುಖ ನೋಡಿ ಬಿಕ್ಕಿಬಿಕ್ಕಿ ಅತ್ತಳು. ಕೊನೆಗೆ ಅವಳು ಮೂಗೊರೆಸಿಕೊಂಡು, ಬೆಲ್ಟ್ ತೊಟ್ಟು, ಅವನಿಗೆ ಬೆನ್ನು ತಿರುಗಿಸಿ ನಿಂತಳು. ಮಾಸ್ಟರ್ ಬೆಲ್ಟಿನ ಹಿಂದಿನ ಪಟ್ಟಿಯನ್ನು ಎಳೆದ. ಅವಳಿಗೆ ನೋವಾದೀತೆಂದು ಅರ್ಧಕ್ಕೇ ಬಿಟ್ಟ.

"ಡಾಕ್ಟರಮ್ಮ ಗುರುತು ಹಾಕಿದಾರಲ್ಲ, ಅಲ್ಲಿವರೆಗೂ ಎಳಿ ಮಾವ" ಎಂದಳು. "ಇದನ್ನಾದ್ರೂ ಸರಿಯಾಗಿ ಮಾಡು."