ಮೊಣಕೈ ಮುಟ್ಟಿ ನೋಡುವ ಬಳೆಗಾರ್ತಿ

ಇನ್ನೂ ಆರು ಗಂಟೆಯಾಗಿಲ್ಲ. ಮೊದಲ ಬಸ್ಸು ಉಗರಗೋಳದಲ್ಲಿ ನಿಂತಿದ್ದೇ ತಡ, ಎಲ್ಲಮ್ಮನ ಗುಡ್ಡಕ್ಕೆ ಹೊರಟ ಹೆಣ್ಣುಮಕ್ಕಳ ಗುಂಪೊಂದು ಮುಮ್ತಾಜ ಮಣಿಯಾರ ಅವರ ಬಳೆ ಅಂಗಡಿಗೆ ನುಗ್ಗುತ್ತದೆ. ಎಲ್ಲರಿಗೂ ಹಸಿರು ಗಾಜಿನ ಬಳೆಯೇ ಬೇಕು. ಮುಮ್ತಾಜ ಒಬ್ಬೊಬ್ಬರ ಕೈ ಎಳೆದುಕೊಂಡು, ಗಿಣ್ಣು ಒತ್ತಿ, ಕಣ್ಣು ಮಿಟುಕಿಸುವಷ್ಟರಲ್ಲಿ ಡಜನ್ ಬಳೆ ಏರಿಸಿಬಿಡುತ್ತಾರೆ. ಆದರೆ ಅವರ ಕಣ್ಣು ಬಳೆಯ ಮೇಲಿಲ್ಲ, ಎದುರಿನವಳ ಮುಖದ ಮೇಲಿದೆ. ಒತ್ತಿದಾಗ ಹುಬ್ಬು ಗಂಟಿಕ್ಕಿದರೆ ಸೈ. ಗಂಟಿಕ್ಕದಿದ್ದರೆ ಮಾತಾಡುತ್ತಲೇ ಅವಳ ಮೊಣಕೈ ಹಿಂದೆ ಒಮ್ಮೆ ಬೆರಳಾಡಿಸುತ್ತಾರೆ.

ಇವತ್ತು ಮಾತ್ರ ಅವರಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಎದುರಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಸೋಮವ್ವ ಸವದತ್ತಿಯ ಆಸ್ಪತ್ರೆಗೆ ಹೋಗಿದ್ದಾಳೆ. ಅವಳ ಬಲಗೈಯ ಆರು ತಿಂಗಳ ಗುಳಿಗೆ ಮುಗಿದಿದೆ. ಸತ್ತುಹೋಗುತ್ತಿದ್ದ ನರಕ್ಕೆ ಜೀವ ಬಂದಿದೆಯೋ ಇಲ್ಲವೋ ಇವತ್ತು ಗೊತ್ತಾಗಬೇಕು. ಬರದಿದ್ದರೆ ಸೋಮವ್ವನ ರೊಟ್ಟಿಯ ಬದುಕು ಅಲ್ಲಿಗೆ ಮುಗಿಯಿತು.

ಮುಮ್ತಾಜರಿಗೆ ಐವತ್ತಾರು. ಓದಿದ್ದು ನಾಲ್ಕನೆಯ ಇಯತ್ತೆ. ಊರೂರು ತಿರುಗಿ ಬಳೆ ಮಾರುತ್ತಿದ್ದ ಗಂಡ ನಿಜಾಮಸಾಬರಿಗೆ ಬೆನ್ನುನೋವು ಗಂಟುಬಿದ್ದ ಮೇಲೆ ಮನೆಯ ಭಾರವೆಲ್ಲ ಇವರ ಮೇಲೆ. ಸಾದಾ ದಿನ ಎಪ್ಪತ್ತು ಕೈ, ಮಂಗಳವಾರ ಶುಕ್ರವಾರ ಇನ್ನೂರು. ಗಾಜು ಚುಚ್ಚದ ಬೆರಳೇ ಇಲ್ಲ. ಮೊಳಕಾಲು ಮಡಚಿ ಕೂತರೆ ಏಳುವಾಗ ಎಲ್ಲ ದೇವರನ್ನೂ ಕರೆಯಬೇಕು.

ಹಾಗಾದರೆ ನರದ ವಿದ್ಯೆ ಬಂದದ್ದು ಎಲ್ಲಿಂದ? ಮಗಳು ಸಾಯಿಮಾ ಬೈಲಹೊಂಗಲದಲ್ಲಿ ನರ್ಸಿಂಗ್ ಓದುತ್ತಿದ್ದಾಗ ರಜೆಗೆ ಬಂದು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಳಂತೆ. ತೋರಿಸಲು ಚಿತ್ರವಿಲ್ಲದಾಗ ತಾಯಿಯ ತೋಳನ್ನೇ ಹಿಡಿದು, ನರ ಕೆಟ್ಟಿದೆಯೇ ಎಂದು ನೋಡುವ ಬಗೆಯನ್ನೂ ಅದರ ಮೇಲೇ ಕಲಿಯುತ್ತಿದ್ದಳು. ಮಗಳಿಗೆ ಪರೀಕ್ಷೆ ಮುಗಿಯಿತು, ತಾಯಿಗೆ ಪಾಠ ಉಳಿಯಿತು.

"ತಲಿಯಾಗಿನ ಮಿದುಳು, ಬೆನ್ನಾಗಿನ ಹುರಿ, ಇವೆರಡೂ ಕೂಡಿ ಕೇಂದ್ರ ನರಮಂಡಲರಿ. ಅಲ್ಲಿಂದ ಕೈಕಾಲಿಗೆ ಹೊಂಟಾವಲ್ಲ, ಅವು ಹೊರಗಿನವು," ಎನ್ನುತ್ತ ಮುಮ್ತಾಜ ತಮ್ಮದೇ ತೋಳಿನ ಮೇಲೆ ಗೆರೆ ಎಳೆಯುತ್ತಾರೆ. "ಕುತ್ತಿಗಿ ಬುಡದಿಂದ ಇಳದು ಕೈಗೆ ಮುಖ್ಯ ಮೂರು ಬರತಾವ. ಹೆಬ್ಬೆಟ್ಟಿನ ಹಿಂಬದಿಗೆ ರೇಡಿಯಲ್, ನಡಬರಕ ಮೀಡಿಯನ್, ಕಿರಿಬೆರಳಿಗೆ ಅಲ್ನರ್. ಮೊಣಕೈ ಗ್ವಾಡಿಗೆ ಬಡದ್ರ ಝುಂ ಅಂತೈತಲ್ಲ, ಅದ ಅಲ್ನರ್!" ಉಸಿರು ತೆಗೆದುಕೊಳ್ಳಲೂ ಪುರಸೊತ್ತಿಲ್ಲ. "ಇನ್ನೊಂದ ಥರದ್ದು ಅದಾವ್ರಿ, ಸ್ವಾಯತ್ತ ಅಂತ. ಎದಿ ಬಡಸೂದು, ಬೆವರು ಬಿಡಸೂದು ಅವರದ ಕೆಲಸ. ನಮ್ಮ ಅಪ್ಪಣಿ ಕೇಳೂದಿಲ್ಲ."

ಆ ಬೆವರೇ ಸೋಮವ್ವನ ಗುಟ್ಟು ಬಿಟ್ಟುಕೊಟ್ಟದ್ದು. ಏಳು ತಿಂಗಳ ಹಿಂದೆ, ಕಡುಬೇಸಿಗೆಯಲ್ಲಿ ಅವಳು ಬಳೆ ಇಡಿಸಿಕೊಳ್ಳಲು ಬಂದಾಗ ಮುಖದಿಂದ ನೀರಿಳಿಯುತ್ತಿತ್ತು, ಬಲಗೈಯ ಕಿರಿಬೆರಳಿನ ಬದಿ ಮಾತ್ರ ಒಣಗಿತ್ತು. ಒತ್ತಿದರೆ ಹುಬ್ಬು ಅಲುಗಲಿಲ್ಲ. ಮೊಣಕೈ ಹಿಂದಿನ ನರ ಹಗ್ಗದಂತೆ ದಪ್ಪಗಾಗಿತ್ತು. ಎರಡು ಬೆರಳ ನಡುವೆ ಬಳೆ ಸುತ್ತುವ ಕಾಗದ ಇಟ್ಟು ಹಿಡಿಯಲು ಹೇಳಿದರೆ ಜಾರಿ ಬಿತ್ತು. ಇಷ್ಟಾದರೂ ಊರಿಗೆ ಊರೇ ಅವಳನ್ನು ಹೊಗಳುತ್ತಿತ್ತು. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಲಿ ತಿರುವುವ ಗಟ್ಟಿಗಿತ್ತಿ ಎಂದು! ಸುಟ್ಟ ಗುಳ್ಳೆಗಳನ್ನು ಅವಳೂ ಬಿರುದಿನಂತೆ ತೋರಿಸುತ್ತಿದ್ದಳು.

ಮುಮ್ತಾಜ ಆವತ್ತು ಬಳೆ ಇಡಲಿಲ್ಲ. ಒಡೆದ ಗಾಜು ಚುಚ್ಚಿದರೂ ಆ ಕೈಗೆ ತಿಳಿಯುವುದಿಲ್ಲವಲ್ಲ. ಆದರೆ ಮುತ್ತೈದೆಯ ಕೈಗೆ ಬಳೆ ಇಡುವುದಿಲ್ಲ ಎಂದರೆ ಸುಮ್ಮನಾದೀತೇ? "ನನ್ನ ಗಂಡ ಗುಂಡಕಲ್ಲಿನಂಗ ಅದಾನ. ಇಕಿ ಬರಿಗೈಲಿ ಕಳಸ್ತಾಳ!" ಎಂದು ಸೋಮವ್ವ ಬೀದಿಯಲ್ಲೇ ರಂಪ ಮಾಡಿದಳು. ಮುಮ್ತಾಜ ಬಾಗಿಲಿಗೆ ಕೀಲಿ ಹಾಕಿ, ಅವಳನ್ನು ಎಳೆದುಕೊಂಡೇ ಆಸ್ಪತ್ರೆಗೆ ಹೋದರು. ಕುಷ್ಠ ಎಂದರು ವೈದ್ಯರು. ಆರು ತಿಂಗಳ ಗುಳಿಗೆಯ ಜೊತೆಗೆ ನರದ ಬಾವು ಇಳಿಸುವ ಮಾತ್ರೆಯನ್ನೂ ಕೊಟ್ಟರು.

ಆ ಹೆಸರು ಕೇಳಿ ಸೋಮವ್ವ ಮೂರು ದಿನ ಉಣ್ಣಲಿಲ್ಲ. ಗುಳಿಗೆ ಶುರುವಾದ ಮೇಲೆ ರೋಗ ಹರಡುವುದಿಲ್ಲ ಎಂದು ವೈದ್ಯರು ಹೇಳಿದ್ದರೂ ಗಿರಾಕಿಗಳು ಖಾನಾವಳಿಗೆ ಬೆನ್ನು ಹಾಕಿದರು. ಆಗ ಮುಮ್ತಾಜ ದಿನಾ ಮಧ್ಯಾಹ್ನ ಖಾನಾವಳಿಯ ಕಟ್ಟೆಯ ಮೇಲೆ, ಎಲ್ಲರಿಗೂ ಕಾಣುವಂತೆ ಕೂತು, ಸೋಮವ್ವನ ರೊಟ್ಟಿ ತಿಂದರು. ಹದಿನೈದು ದಿನದಲ್ಲಿ ಜನ ತಿರುಗಿ ಬಂದರು. ನಮ್ಮ ಪತ್ರಿಕೆಯಲ್ಲಿ ಹೆಸರು ಹಾಕಬಹುದೇ ಎಂದು ನಾವು ಕೇಳಿದ್ದಕ್ಕೆ ಸೋಮವ್ವ ಹೇಳಿದ್ದು ಇಷ್ಟೇ: "ಹಾಕ್ರಿ. ಮುಚ್ಚಿಟ್ಟ ಮ್ಯಾಲೆ ಅಲ್ಲೇನ್ರಿ ಅದು ಬೆಳದಿದ್ದು?"

ಮೂರು ವರ್ಷದಲ್ಲಿ ಮುಮ್ತಾಜ ಆಸ್ಪತ್ರೆಗೆ ಅಟ್ಟಿದ್ದು ಹದಿನಾರು ಮಂದಿಯನ್ನು. ಮೂವರಿಗೆ ಕುಷ್ಠ, ಮೂವರಿಗೆ ಸಕ್ಕರೆ ಕಾಯಿಲೆ. ಉಳಿದ ಹತ್ತು ಮಂದಿಗೆ ಏನೂ ಇರಲಿಲ್ಲ. "ಆ ಹತ್ತೂ ಮಂದಿ ಈಗ ಬ್ಯಾರೆ ಅಂಗಡ್ಯಾಗ ಬಳಿ ಇಡಸ್ಕೋತಾರ," ಎಂದು ನಗುತ್ತಾರೆ.

ಹನ್ನೊಂದರ ಬಸ್ಸು ಬರುತ್ತದೆ. ಸೋಮವ್ವ ಇಳಿಯುತ್ತಾಳೆ. ಮುಖ ನೋಡಿದರೆ ಏನೂ ತಿಳಿಯುವುದಿಲ್ಲ. ನೇರ ಅಂಗಡಿಗೆ ಬಂದು ಚಾಪೆಯ ಮೇಲೆ ಕೂತು ಬಲಗೈ ಚಾಚುತ್ತಾಳೆ. "ಡಾಕ್ಟರ್ ಏನಂದ್ರಂತ ಹೇಳೂದಿಲ್ಲ. ನೀನ ನೋಡು."

ಮುಮ್ತಾಜ ಆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಕಿರಿಬೆರಳ ಬದಿ ತಡವುತ್ತಾರೆ. ಕೊಂಚ ತೇವ! ಎದೆ ಹಾರುತ್ತದೆ. ಗಿಣ್ಣು ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ ಒತ್ತುತ್ತಾರೆ.

"ಅಯ್ಯಯ್ಯೋ! ನಿನ್ನ ಹೆಣಾ ಎತ್ತಲಿ! ಎಲುಬು ಮುರದೇನ ಹಾದರಗಿತ್ತಿ!" ಸೋಮವ್ವ ಕೈ ಕಿತ್ತುಕೊಂಡು ಚೀರುತ್ತಾಳೆ. ಬೀದಿಯೇ ತಿರುಗಿ ನೋಡುತ್ತದೆ. ಬೈದವಳೂ ಬೈಸಿಕೊಂಡವಳೂ ತಬ್ಬಿಕೊಂಡು ಅಳುತ್ತಿದ್ದಾರೆ, ನಗುತ್ತಿದ್ದಾರೆ. ವೈದ್ಯರು ಹೇಳಿದ್ದನ್ನು ಸೋಮವ್ವ ಆಮೇಲೆ ಬಾಯಿಬಿಡುತ್ತಾಳೆ: ಕಿರಿಬೆರಳಿನ ತುದಿ ಇನ್ನೂ ಮಂದ, ತಪಾಸಣೆಗೆ ಹೋಗುತ್ತಿರಬೇಕು, ಹಂಚಿನ ಮೇಲಿನ ರೊಟ್ಟಿಯನ್ನು ಇಕ್ಕಳದಲ್ಲೇ ತಿರುವಬೇಕು. ಆದರೆ ರೊಟ್ಟಿ ಬಡಿಯಲು ಅಡ್ಡಿಯಿಲ್ಲವಂತೆ. ಮುಮ್ತಾಜ ಕಣ್ಣೊರೆಸಿಕೊಂಡು ಏಳು ತಿಂಗಳ ಬರಿಗೈಗೆ ಡಜನ್ ಹಸಿರು ಬಳೆ ಏರಿಸುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ ಮುಮ್ತಾಜರಿಗೆ ಯೋಚಿಸಬೇಕಾಗಿಯೇ ಇಲ್ಲ. "ಇಲ್ಲಿ ಬಂದ ಪ್ರತಿಯೊಬ್ಬಾಕಿನೂ ನನ್ನ ಹಿಂಗ ಬಾಯ್ತುಂಬ ಬೈದು ಹೋಗಬೇಕ್ರಿ. ನನಗ ಅಷ್ಟ ಸಾಕು."